ಮತ್ತೆ ಬಿಡಿಸಿಕೊಳ್ಳುವ ಹಾಗೆ ಅಂಟಿಸಿ: ಅಪ್ಪನ 60ಕ್ಕೆ ಒಂದು ಸ್ಕ್ರ್ಯಾಪ್‌ಬುಕ್

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಶಿಡ್ಲಘಟ್ಟ. ಅಪ್ಪ ರೇಷ್ಮೆ ರೀಲರ್, ಗೂಡಿನಿಂದ ನೂಲು ತೆಗೆಯೋ ಕೆಲಸ. ಇನ್ನು ನಾಲ್ಕು ತಿಂಗಳಿಗೆ ಅವರಿಗೆ 60 ತುಂಬುತ್ತೆ, ಒಂದು ಸ್ಕ್ರ್ಯಾಪ್‌ಬುಕ್ ಮಾಡಿ ಕೊಡೋಣ ಅಂತಿದ್ದೀನಿ. ಅಕ್ಕನ ಮದುವೆಯಾದಾಗ ಒಂದು ಮಾಡಿದ್ದೆ. ಮೂರು ವರ್ಷಕ್ಕೇ ಅದರ ಹಾಳೆಗಳೆಲ್ಲ ಅಲೆ ಅಲೆಯಾಗಿವೆ, ಟೇಪ್ ಹಳದಿಯಾಗಿ ಫೋಟೋಗೆ ಕಲೆ ಹತ್ತಿದೆ, ಪುಸ್ತಕ ಮುಚ್ಚೋದೇ ಇಲ್ಲ, ಬಾಯಿ ತೆರೆದುಕೊಂಡೇ ಇರುತ್ತೆ. ಈ ಸಲ ನನ್ನ ಹತ್ತಿರ ತಾತನ ಕಾಲದ ಕಪ್ಪು ಬಿಳುಪು ಸ್ಟುಡಿಯೋ ಫೋಟೋಗಳು, ಅಪ್ಪ ಅಮ್ಮನ ಲಗ್ನಪತ್ರಿಕೆ, ಬಸ್ ಟಿಕೆಟ್‌ಗಳು, ಅಮ್ಮನ ಧಾರೆ ಸೀರೆಯ ಒಂದು ತುಂಡು ಇವೆ. ರೇಷ್ಮೆ ಗೂಡನ್ನೂ ಹಾಕಬೇಕು ಅಂತ ಆಸೆ. ಆನ್‌ಲೈನ್‌ನಲ್ಲಿ ಬರೋ 12 ಇಂಚಿನ ಪೇಪರ್ ಸೆಟ್ ತಗೊಳ್ಳಬೇಕಾ? ಯಾವ ಅಂಟು ಒಳ್ಳೆಯದು?

ಉತ್ತರ: "ಬಾಯಿ ತೆರೆದುಕೊಂಡೇ ಇರುತ್ತೆ" ಅನ್ನೋ ಮಾತಿಗೆ ನಗು ಬಂತು, ಕ್ಷಮಿಸಿ. ಅಪ್ಪನ ಕಾಲದಿಂದ ನಮ್ಮದು ಚಿಕ್ಕಬಳ್ಳಾಪುರದಲ್ಲಿ ಬೈಂಡಿಂಗ್ ಕೆಲಸ. ರಿಪೇರಿಗೆ ಬರುವ ಆಲ್ಬಮ್‌ಗಳಿಗೆಲ್ಲ ಹೆಚ್ಚುಕಮ್ಮಿ ನೀವು ಹೇಳಿದ ಈ ಮೂರೇ ಕಾಯಿಲೆ. ಅಲೆ, ಹಳದಿ, ಹೊಟ್ಟೆ. ಕಾರಣ ಮಾತ್ರ ಬೇರೆ ಬೇರೆ.

ಅಂಟಿನ ಬಗ್ಗೆ ಕೇಳಿದಿರಿ. ಅದಕ್ಕಿಂತ ಮೊದಲು ಒಂದು ಕೆಲಸ ಮಾಡಿ. ಇರುವ ಸಾಮಾನನ್ನೆಲ್ಲ ಮಂಚದ ಮೇಲೆ ಹರಡಿಕೊಂಡು ಎರಡು ಗುಂಪು ಮಾಡಿ. ಹಾಳಾದರೆ ಇನ್ನೊಂದು ಸಿಗದೇ ಇರುವುದು ಒಂದು ಕಡೆ, ಸಿಗುವುದು ಇನ್ನೊಂದು ಕಡೆ. ತಾತನ ಫೋಟೋ ಇನ್ನೊಂದು ಸಿಗುವುದಿಲ್ಲ. ಲಗ್ನಪತ್ರಿಕೆ ಅಪ್ಪನ ತಂಗಿಯ ಮನೆಯಲ್ಲಿ ಇನ್ನೊಂದು ಇರಬಹುದು, ಕೇಳಿ ನೋಡಿ. ಮೊದಲ ಗುಂಪಿಗೆ ಅಂಟು ಮುಟ್ಟಿಸಲೇಬೇಡಿ. ಅವುಗಳ ನಕಲು ತೆಗೆದು ನಕಲನ್ನು ಅಂಟಿಸಿ. ಇಲ್ಲಾ ಅಸಲನ್ನೇ ಇಡಬೇಕು ಅಂದರೆ ಬೇಕಾದಾಗ ಹೊರಗೆ ತೆಗೆಯಲು ಬರುವ ಹಾಗೆ ಸಿಕ್ಕಿಸಿ ಇಡಿ. ನಾನು ಮುಂದೆ ಹೇಳುವುದೆಲ್ಲ ಸುತ್ತಿ ಸುತ್ತಿ ಇಲ್ಲಿಗೇ ಬರುತ್ತದೆ.

ನಕಲು ತೆಗೆಯುವಾಗ ಮೊಬೈಲ್‌ನಲ್ಲಿ ಫೋಟೋದ ಫೋಟೋ ಹೊಡೆಯಬೇಡಿ, ಟ್ಯೂಬ್‌ಲೈಟ್ ಹೊಳಪು ಬಿದ್ದೇ ಬೀಳುತ್ತದೆ. ಸ್ಟುಡಿಯೋದಲ್ಲೋ ಜೆರಾಕ್ಸ್ ಅಂಗಡಿಯಲ್ಲೋ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ. ಅಂಗೈಯಗಲದ ಫೋಟೋ ಕೂಡ ಎರಡರಷ್ಟು ದೊಡ್ಡದಾಗಿ ಚೆನ್ನಾಗಿ ಬರುತ್ತದೆ. ಪ್ರಿಂಟ್ ಹೊಳಪಿಲ್ಲದ ಮ್ಯಾಟ್ ಇರಲಿ. ಹಳೇ ಫೋಟೋ ಗಾಜಿನ ಫ್ರೇಮ್‌ಗೇ ಅಂಟಿಕೊಂಡಿದ್ದರೆ ಕೀಳಲು ಹೋಗಬೇಡಿ, ಮೇಲ್ಪದರವೇ ಕಿತ್ತು ಬರುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. ಆಮೇಲೆ ಆ ಹಳೇ ಅಂಟಂಟು ಆಲ್ಬಮ್‌ಗಳು, ಮೇಲೆ ಪ್ಲಾಸ್ಟಿಕ್ ಹಾಳೆ ಎತ್ತಿ ಫೋಟೋ ಇಟ್ಟು ಮುಚ್ಚುವಂಥವು, ಎಲ್ಲರ ಮನೆಯಲ್ಲೂ ಇವೆ ಅಲ್ವಾ, ಅದರಿಂದ ಫೋಟೋ ಬಿಡಿಸಲು ಹಲ್ಲಿನ ಸಂದಿಗೆ ಹಾಕುವ ದಾರ ತನ್ನಿ. ಫೋಟೋದ ಹಿಂದೆ ಒಂದು ಮೂಲೆಯಿಂದ ಶುರು ಮಾಡಿ ಗರಗಸದ ಹಾಗೆ ನಿಧಾನವಾಗಿ ಆಡಿಸುತ್ತಾ ಹೋದರೆ ಬಿಟ್ಟುಕೊಳ್ಳುತ್ತದೆ. ಉಗುರು ಹಾಕಿದರೆ ಮೂಲೆ ಮುರಿಯುತ್ತದೆ.

ಬಸ್ ಟಿಕೆಟ್ ವಿಷಯದಲ್ಲಿ ನಾನು ಸುಟ್ಟುಕೊಂಡವನು. ಕಂಡಕ್ಟರ್ ಕೈಯ ಮೆಷಿನ್‌ನಿಂದ ಬರುವ ಟಿಕೆಟ್ ಇದೆಯಲ್ಲ, ಅದರಲ್ಲಿ ಇಂಕೇ ಇಲ್ಲ. ಕಾಗದಕ್ಕೇ ಒಂದು ಲೇಪನ ಇರುತ್ತದೆ, ಬಿಸಿ ತಾಗಿದ ಕಡೆ ಕಪ್ಪಾಗುತ್ತದೆ. ನನ್ನ ಮಗಳನ್ನು ಮೊದಲ ದಿನ ಕಾಲೇಜಿಗೆ ಬಿಟ್ಟು ಬಂದ ಟಿಕೆಟ್ ಜೋಪಾನವಾಗಿರಲಿ ಅಂತ ಲ್ಯಾಮಿನೇಷನ್‌ಗೆ ಹಾಕಿದೆ. ಹೊರಗೆ ಬಂದಾಗ ಅಂಚಿನಿಂದ ಅಂಚಿಗೆ ಕಾಡಿಗೆ ಬಣ್ಣ. ಬೈಂಡಿಂಗ್ ಮಾಡುವವನಿಗೇ ಹೀಗೆ! ಬಿಸಿ ತಾಗದಿದ್ದರೂ ಆ ಅಕ್ಷರ ಬಾಳಿಕೆ ಬರುವುದಿಲ್ಲ, ತಾನಾಗೇ ಮಾಸುತ್ತದೆ. ಹಾಗಾಗಿ ಈ ಜಾತಿಯ ಟಿಕೆಟ್, ಎಟಿಎಂ ಚೀಟಿ, ಹೋಟೆಲ್ ಬಿಲ್ ಯಾವುದಿದ್ದರೂ ಇವತ್ತೇ ಜೆರಾಕ್ಸ್ ಮಾಡಿಸಿ ಜೆರಾಕ್ಸನ್ನು ಅಂಟಿಸಿ. ಜೆರಾಕ್ಸ್ ಮಸಿ ಮಾಸುವುದಿಲ್ಲ. ಹಳೇ ಕಾಲದ, ತೂತು ಹೊಡೆದು ಕೊಡುತ್ತಿದ್ದ ಅಚ್ಚಿನ ಟಿಕೆಟ್‌ಗೆ ಈ ಭಯ ಇಲ್ಲ. ಆದರೆ ಅದರ ಕಾಗದ ತೀರಾ ಬಡವ. ಅದನ್ನು ಪುಟ್ಟ ಲಕೋಟೆ ಮಾಡಿ ಅದರೊಳಗೆ ಇಡಿ.

ಈಗ ಹಳದಿ. ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದದಲ್ಲಿ ಲಿಗ್ನಿನ್ ಅಂತ ಒಂದು ಅಂಶ ಉಳಿದಿರುತ್ತದೆ. ಬೆಳಕು ಗಾಳಿ ತಾಗಿ ಅದು ಹಳದಿಯಾಗುತ್ತದೆ, ಕಾಗದ ಹುಳಿಯಾಗುತ್ತದೆ, ಆಮೇಲೆ ಪಕ್ಕದಲ್ಲಿರುವುದನ್ನೂ ಕೆಡಿಸುತ್ತದೆ. ದಿನಪತ್ರಿಕೆ ನೋಡಿ, ಕಿಟಕಿಯಲ್ಲಿ ಇಟ್ಟರೆ ವಾರದೊಳಗೆ ಬಣ್ಣ ತಿರುಗುತ್ತದೆ. ಅದಕ್ಕೇ ಸ್ಕ್ರ್ಯಾಪ್‌ಬುಕ್‌ನವರು ಆಸಿಡ್ ಫ್ರೀ, ಲಿಗ್ನಿನ್ ಫ್ರೀ ಅಂತ ಹುಡುಕುವುದು. ನಮ್ಮ ಅಂಗಡಿಗಳಲ್ಲಿ ಹಾಗೆ ಬರೆದಿರುವುದು ಕಮ್ಮಿ. ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳಬಹುದು. ತಂದ ಕಾಗದದ ಒಂದೊಂದು ಚೂರನ್ನು ಅರ್ಧ ರಟ್ಟಿನಿಂದ ಮುಚ್ಚಿ ಮಾಳಿಗೆ ಬಿಸಿಲಿಗೆ ಎರಡು ವಾರ ಇಡಿ. ಮುಚ್ಚಿದ ಅರ್ಧಕ್ಕೂ ತೆರೆದ ಅರ್ಧಕ್ಕೂ ಗೆರೆ ಎಳೆದ ಹಾಗೆ ವ್ಯತ್ಯಾಸ ಕಂಡರೆ ಅದು ಬೇಡ. ಬಣ್ಣದ ಹಾಳೆ ಎಷ್ಟು ಮಾಸುತ್ತದೆ ಅಂತಲೂ ಇದರಲ್ಲೇ ಗೊತ್ತಾಗುತ್ತದೆ. ಮಕ್ಕಳ ಚಾರ್ಟ್ ಶೀಟ್‌ಗಳ ಗುಲಾಬಿ, ನೇರಳೆ ಬಣ್ಣ ಹೇಗೆ ಓಡಿಹೋಗುತ್ತದೆ ನೋಡಿ, ಆಶ್ಚರ್ಯವಾಗುತ್ತದೆ. ಒದ್ದೆ ಹತ್ತಿಯಿಂದ ಒಮ್ಮೆ ಉಜ್ಜಿಯೂ ನೋಡಿ. ಹತ್ತಿಗೆ ಬಣ್ಣ ಹತ್ತಿದರೆ ಫೋಟೋಗೂ ಹತ್ತುತ್ತದೆ. ಕ್ರೇಪ್ ಪೇಪರ್ ಅಂತೂ ಹತ್ತೇ ಹತ್ತುತ್ತದೆ.

ಪುಟಗಳಿಗೆ ಏನು ತಗೊಳ್ಳಬೇಕು? 12 ಇಂಚಿನ ಸೆಟ್ ಬೇಡ ಅನ್ನುತ್ತೇನೆ. ಆ ಅಳತೆ ಅಮೆರಿಕದ ಸ್ಕ್ರ್ಯಾಪ್‌ಬುಕ್‌ನವರದ್ದು, ಅದಕ್ಕೆ ತಕ್ಕ ಆಲ್ಬಮ್, ಕವರ್, ಡಬ್ಬ ಎಲ್ಲ ಅಲ್ಲಿ ಸಿಗುತ್ತವೆ. ನಮ್ಮ ಜೆರಾಕ್ಸ್ ಅಂಗಡಿಯಲ್ಲಿ ಇರುವುದು ಎ4. ಅದರ ಅಗಲ 210 ಮಿಲಿಮೀಟರ್, ಅಂದರೆ ಎಂಟೂ ಕಾಲು ಇಂಚು. ಹಾಗಾಗಿ 8 ಇಂಚು ಚೌಕ ಇಟ್ಟುಕೊಂಡರೆ ನೀವು ಪ್ರಿಂಟ್ ಹಾಕಿಸುವುದೆಲ್ಲ ಒಂದೇ ಹಾಳೆಯಲ್ಲಿ ಮುಗಿಯುತ್ತದೆ, ಬೀರುವಿನ ಸೀರೆ ಸಾಲಿನ ಪಕ್ಕದಲ್ಲೂ ಕೂರುತ್ತದೆ. ಪುಟಕ್ಕೆ 220ರಿಂದ 250 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಐವರಿ ಶೀಟ್ ಸಾಕು. ಜೆರಾಕ್ಸ್ ಕಾಗದ 70-80 ಇರುತ್ತದೆ, ಅದಕ್ಕೆ ಹೋಲಿಸಿಕೊಳ್ಳಿ. ಇನ್ನೂ ಚೆನ್ನಾಗಿರಬೇಕು ಅಂದರೆ ಹತ್ತಿ ಬಟ್ಟೆ ಚೂರಿನಿಂದ ಮಾಡಿದ ಕೈಕಾಗದ. ಹತ್ತಿಯಲ್ಲಿ ಲಿಗ್ನಿನ್ ಇಲ್ಲವೇ ಇಲ್ಲ ಅನ್ನಬಹುದು, ಅದಕ್ಕೇ ಅದು ಬಾಳುತ್ತದೆ. ನಿಮ್ಮೂರಿನವರಿಗೆ ಇನ್ನೊಂದು ಮಾತು ಹೇಳಬೇಕು. ಚೀನಾದಲ್ಲಿ ಹಿಪ್ಪುನೇರಳೆ ಗಿಡದ ತೊಗಟೆಯ ನಾರಿನಿಂದಲೇ ಕಾಗದ ಮಾಡುತ್ತಾರೆ. ಜಪಾನಿನ ವಾಶಿ ಕಾಗದವೂ ಹೆಚ್ಚಾಗಿ ಅದೇ ಕುಟುಂಬದ ಇನ್ನೊಂದು ಮರದ ತೊಗಟೆಯದ್ದು. ನಾವು ಸೊಪ್ಪು ಹುಳಕ್ಕೆ ಹಾಕಿ ಕಡ್ಡಿ ಒಲೆಗೆ ಹಾಕುತ್ತೇವೆ.

ಅಲಂಕಾರದ ಕಾಗದಕ್ಕೆ ಅಂತ ದುಡ್ಡು ಸುರಿಯಬೇಡಿ. ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್‌ಗಳಲ್ಲಿ ಕಟಿಂಗ್ ಮೆಷಿನ್ ಪಕ್ಕ ಬಿದ್ದಿರುವ ಪಟ್ಟಿಗಳನ್ನು ಕೇಳಿ, ಚೀಲದ ತುಂಬ ಕೊಡುತ್ತಾರೆ. ಹೊಳೆಯುವ ಕಾಗದ, ಉಬ್ಬು ಹೂವಿನ ಕಾಗದ, ಬಂಗಾರದ ಗೆರೆ ಇರುವುದು, ಎಲ್ಲ ಇರುತ್ತದೆ. ಬೆಂಗಳೂರಿಗೆ ಹೋಗುವ ಕೆಲಸವಿದ್ದರೆ ಸುಲ್ತಾನ್‌ಪೇಟೆ ಒಂದು ಸುತ್ತು ಹಾಕಿ, ಕಾಗದದ ಅಂಗಡಿಗಳ ಸಾಲೇ ಇದೆ.

ಅಲೆ ಬರುವುದಕ್ಕೆ ಕಾರಣ ನೀರು. ಮರದ ಕೆಲಸಕ್ಕೂ ಬಳಸುವ ಬಿಳಿ ಅಂಟಿನಲ್ಲಿ ನೀರು ಜಾಸ್ತಿ. ಕಾಗದದ ನಾರು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ, ಆದರೆ ಹಿಂದಿನ ಹಾಗೆ ಮಟ್ಟಸವಾಗುವುದಿಲ್ಲ. ಇದರಲ್ಲಿ ಒಂದು ಗುಟ್ಟು ಇದೆ, ಬೈಂಡಿಂಗ್‌ನವರಿಗೆ ಬಿಟ್ಟು ಬೇರೆಯವರಿಗೆ ಯಾರೂ ಹೇಳಿಕೊಡುವುದಿಲ್ಲ. ಮೆಷಿನ್‌ನಲ್ಲಿ ಮಾಡಿದ ಕಾಗದಕ್ಕೆ ಒಂದು ಓಟ ಇರುತ್ತದೆ. ಅದರ ನಾರುಗಳೆಲ್ಲ ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ದಿನಪತ್ರಿಕೆಯನ್ನು ಮೇಲಿನಿಂದ ಕೆಳಕ್ಕೆ ಹರಿಯಿರಿ, ನೇರವಾಗಿ ಹರಿಯುತ್ತದೆ. ಅಡ್ಡಡ್ಡ ಹರಿಯಿರಿ, ಸೊಟ್ಟ ಹೋಗುತ್ತದೆ. ನೇರ ಹರಿದದ್ದೇ ಓಟದ ದಿಕ್ಕು. ದಪ್ಪ ಹಾಳೆಯನ್ನು ಹರಿಯಬೇಕಿಲ್ಲ, ಎರಡೂ ಕಡೆಯಿಂದ ಸುಮ್ನೆ ಬಗ್ಗಿಸಿ ನೋಡಿ. ಯಾವ ಕಡೆಗೆ ಸಲೀಸಾಗಿ ಬಗ್ಗುತ್ತದೋ ಆ ಮಡಿಕೆಯ ಉದ್ದಕ್ಕೇ ಓಟ ಇರುತ್ತದೆ. ಪುಸ್ತಕದ ಬೆನ್ನು ಯಾವ ಕಡೆಗೋ ಕಾಗದದ ಓಟವೂ ಆ ಕಡೆಗೇ ಇರಬೇಕು. ಅಡ್ಡ ಆದರೆ ಪುಟ ಸೆಟೆದುಕೊಳ್ಳುತ್ತದೆ, ಮಡಿಕೆ ಬಿರಿಯುತ್ತದೆ, ಅಂಟು ಹಚ್ಚಿದರೆ ಬೆನ್ನಿನ ಹತ್ತಿರವೇ ಅಲೆ ಏಳುತ್ತದೆ. ನೀವು ಅಕ್ಕನಿಗೆ ಮಾಡಿದ ಪುಸ್ತಕ ತೆಗೆದು ನೋಡಿ, ನನ್ನ ಅಂದಾಜಿಗೆ ಅರ್ಧ ಪುಟಗಳು ಅಡ್ಡ ಓಟದವು.

ಅಂಟು. ಸಣ್ಣ ಸಾಮಾನಿಗೆ ಗ್ಲೂ ಸ್ಟಿಕ್ ಅಥವಾ ಆಸಿಡ್ ಫ್ರೀ ಅಂತ ಬರೆದಿರುವ ಎರಡು ಬದಿ ಟೇಪ್ ಸಾಕು. ದೊಡ್ಡ ಹಾಳೆ ಅಂಟಿಸುವಾಗ ಮಾತ್ರ ಬಿಳಿ ಅಂಟು, ಅದೂ ಬ್ರಷ್‌ನಲ್ಲಿ, ನಡುವಿನಿಂದ ಅಂಚಿನ ಕಡೆಗೆ, ಬೆವರಿದಷ್ಟು ತೆಳ್ಳಗೆ. ಮೇಲೊಂದು ಬಟರ್ ಪೇಪರ್ ಇಟ್ಟು ರಾತ್ರಿಯಿಡೀ ಭಾರ ಹೇರಿ. ಒರಳುಕಲ್ಲು ಬೇಡ, ರಟ್ಟಿನ ಮೇಲೆ ನಾಲ್ಕು ದಪ್ಪ ಪುಸ್ತಕ ಆಗುತ್ತದೆ. ಪುಟದ ಒಂದು ಕಡೆಗೆ ದೊಡ್ಡ ಕಾಗದ ಅಂಟಿಸಿದರೆ ಅದು ಆ ಕಡೆಗೆ ಎಳೆದು ಬಾಗುತ್ತದೆ, ಹಿಂದಿನ ಕಡೆಗೂ ಅಷ್ಟೇ ದೊಡ್ಡ ಹಾಳೆ ಅಂಟಿಸಿದರೆ ಎರಡೂ ಎಳೆದು ಸಮ ಮಾಡಿಕೊಳ್ಳುತ್ತವೆ.

ನಮ್ಮಪ್ಪ ಮೈದಾ ಬೇಯಿಸಿ ಅಂಟು ಮಾಡುತ್ತಿದ್ದರು, ಹುಳ ಬೀಳಬಾರದು ಅಂತ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ಮಕ್ಕಳಿರುವ ಮನೆಯಲ್ಲಿ ಬೇಡ. ಮೈಲುತುತ್ತ ಇಲ್ಲದ ಮೈದಾ ಅಂಟು ಅಂದರೆ ಆ ಬೆಳ್ಳಿ ಬಣ್ಣದ ಹುಳಕ್ಕೆ ಹಬ್ಬದೂಟ. ಹಾಗಾಗಿ ಎರಡೂ ಬೇಡ. ಸೆಲೋ ಟೇಪ್ ಯಾವ ಕಾರಣಕ್ಕೂ ಬೇಡ. ಅದರ ಅಂಟು ಕಾಲ ಹೋದ ಹಾಗೆ ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ, ಆಮೇಲೆ ಮೇಲಿನ ಪ್ಲಾಸ್ಟಿಕ್ ಮಾತ್ರ ಒಣಗಿ ಉದುರುತ್ತದೆ. ಅಕ್ಕನ ಫೋಟೋ ಮೇಲಿನ ಕಲೆ ಇದೇ, ಅದು ಹೋಗುವುದಿಲ್ಲ, ನೆಗೆಟಿವ್ ಅಥವಾ ಫೈಲ್ ಇದ್ದರೆ ಹೊಸ ಪ್ರಿಂಟ್ ಹಾಕಿಸಿಬಿಡಿ.

ಅಸಲಿ ಫೋಟೋ ಇಡುವುದಕ್ಕೆ ಮೂಲೆ ಮಾಡಿಕೊಳ್ಳಿ. ಎರಡು ಇಂಚು ಉದ್ದ, ಒಂದು ಇಂಚು ಅಗಲದ ತೆಳು ಕಾಗದದ ಪಟ್ಟಿ. ಉದ್ದದ ಅಂಚನ್ನು ಮೇಲಿಟ್ಟುಕೊಂಡು, ಅದರ ಮಧ್ಯದಿಂದ ಎಡ ಬಲ ಎರಡೂ ತುದಿಗಳನ್ನು ಕೆಳಕ್ಕೆ ಮಡಿಸಿ, ನಡುಗೆರೆಯಲ್ಲಿ ಎರಡೂ ಸೇರಲಿ. ತ್ರಿಕೋನದ ಜೇಬು ಬಂತು. ಮಡಿಕೆ ಇರುವ ಬೆನ್ನಿಗೆ ಮಾತ್ರ ಅಂಟು, ಜೇಬಿನೊಳಗೆ ಫೋಟೋದ ಮೂಲೆ. ನಾಲ್ಕು ಮೂಲೆಗೆ ನಾಲ್ಕು. ತಾತನ ಕಾಲದ ಆಲ್ಬಮ್‌ಗಳಲ್ಲಿ ಕಪ್ಪು ಹಾಳೆ ಮೇಲೆ ಹೀಗೇ ಇರುತ್ತಿತ್ತು, ಅವೆಷ್ಟೋ ಇನ್ನೂ ಚೆನ್ನಾಗಿವೆ. ಪ್ಲಾಸ್ಟಿಕ್ ಕವರ್ ಹಾಕುವುದಾದರೆ ಪಿವಿಸಿ ಬೇಡ, ಹೊಸ ಮಳೆ ಕೋಟಿನ ವಾಸನೆ ಬರುವುದೇ ಅದು. ಪಾಲಿಪ್ರೊಪಿಲೀನ್ ಅಂತ ಕೇಳಿ ತಗೊಳ್ಳಿ. ಫೋಟೋದ ಹಿಂದೆ ಹೆಸರು ಬರೆಯುವುದು ಮೆತ್ತನೆ ಪೆನ್ಸಿಲ್‌ನಲ್ಲಿ. ಬಾಲ್ ಪೆನ್ ಒತ್ತಿದರೆ ಮುಂದಕ್ಕೆ ಉಬ್ಬುತ್ತದೆ. ನಿಂತವರ ಹೆಸರು ಎಡದಿಂದ ಬಲಕ್ಕೆ ಬರೆಯಿರಿ. ಅಜ್ಜಿ ಇದ್ದರೆ ಇದೇ ವಾರ ಹೋಗಿ ಕೇಳಿಕೊಂಡು ಬನ್ನಿ, ಅಪ್ಪನಿಗೂ ಗೊತ್ತಿಲ್ಲದ ಒಬ್ಬರಾದರೂ ಆ ಸ್ಟುಡಿಯೋ ಫೋಟೋದಲ್ಲಿ ಇದ್ದೇ ಇರುತ್ತಾರೆ.

ಹೊಟ್ಟೆ ವಿಷಯಕ್ಕೆ ಬರೋಣ, ಯಾಕೆಂದರೆ ನಿಮ್ಮ ಆಸೆಗಳೆಲ್ಲ ದಪ್ಪ ದಪ್ಪ ಇವೆ. ಲೆಕ್ಕ ಸುಲಭ. ಒಂದೊಂದು ಹಾಳೆಯ ಮೇಲೆ 2 ಮಿಲಿಮೀಟರ್ ಅಲಂಕಾರ ಕೂತರೂ 20 ಹಾಳೆಗೆ 4 ಸೆಂಟಿಮೀಟರ್. ಬೆನ್ನಿನ ಕಡೆ ಬರೀ ಹಾಳೆಗಳ ದಪ್ಪ ಅರ್ಧ ಸೆಂಟಿಮೀಟರ್. ಬಾಯಿ ತೆರೆಯದೆ ಇನ್ನೇನು ಮಾಡೀತು? ಬೆನ್ನಿನ ಹತ್ತಿರ ಎರಡು ಪುಟಗಳ ನಡುವೆ ಒಂದು ಇಂಚು ಅಗಲದ ರಟ್ಟಿನ ಪಟ್ಟಿ ಸೇರಿಸುತ್ತಾ ಹೋಗಿ. ಅಲಂಕಾರ ಎಷ್ಟು ದಪ್ಪವೋ ಪಟ್ಟಿಯೂ ಅಷ್ಟೇ ದಪ್ಪ. ಆಮೇಲೆ ಪಕ್ಕದಲ್ಲಿ ನಾಲ್ಕು ತೂತು ಹೊಡೆದು ಗಟ್ಟಿ ದಾರದಲ್ಲಿ ಜಪಾನಿ ಹೊಲಿಗೆ ಹಾಕಬಹುದು, ಇಲ್ಲಾ ಸ್ಕ್ರೂ ಹಾಕಿಸಬಹುದು. ನನಗೆ ಸ್ಕ್ರೂ ಇಷ್ಟ. ನಾಳೆ ಇನ್ನೊಂದು ಪುಟ ಸೇರಿಸಬೇಕು, ಒಂದು ಪುಟ ತೆಗೆಯಬೇಕು ಅಂದರೆ ಬಿಚ್ಚಲು ಬರುತ್ತದೆ. ಹೊಲಿಗೆ ನೋಡಲು ಚೆಂದ, ಅದು ಒಪ್ಪುವ ಮಾತೇ.

ಎಲ್ಲವನ್ನೂ ಉಬ್ಬಿಸಿಯೇ ತೋರಿಸಬೇಕಾಗಿಲ್ಲ. ನಿಮ್ಮ ಮನೆಯಲ್ಲೋ ಹುಳು ಸಾಕುವ ನೆಂಟರ ಮನೆಯಲ್ಲೋ ಹುಳು ಗೂಡು ಕಟ್ಟಲು ಬಿಡುವ ಹಳೇ ಬಿದಿರಿನ ತಟ್ಟೆ, ಅಂದರೆ ಚಂದ್ರಿಕೆ, ಇರಬೇಕು, ಈಗೆಲ್ಲ ಪ್ಲಾಸ್ಟಿಕ್ ನೇತ್ರಿಕೆ ಬಂದು ಅದು ಅಟ್ಟ ಸೇರಿರುತ್ತದೆ. ಅದರ ಮೇಲೆ ಜೆರಾಕ್ಸ್ ಕಾಗದ ಹಾಸಿ, ಕ್ರೇಯಾನ್ ಅಡ್ಡ ಮಲಗಿಸಿ ಉಜ್ಜಿ. ಬಿದಿರಿನ ಹೆಣಿಗೆ, ಆ ಸುರುಳಿ ಪಟ್ಟಿ, ಎಲ್ಲ ಹಾಳೆಗೆ ಇಳಿಯುತ್ತದೆ. ಕಂದು ಬಣ್ಣದಲ್ಲಿ ಒಂದು, ಹಳದಿಯಲ್ಲಿ ಒಂದು ಮಾಡಿಕೊಂಡು ಪುಟದ ಹಿನ್ನೆಲೆಗೆ ಹಾಕಿದರೆ ಯಾವ ಆನ್‌ಲೈನ್ ಸೆಟ್‌ನಲ್ಲೂ ಸಿಗದ ಕಾಗದ ನಿಮ್ಮದು, ದಪ್ಪ ಮಾತ್ರ ಒಂದು ಹಾಳೆಯಷ್ಟೇ. ಹಿಪ್ಪುನೇರಳೆ ಎಲೆಯನ್ನೂ ಹೀಗೇ ಉಜ್ಜಬಹುದು, ನರ ಮೇಲೆ ಬರುವ ಹಾಗೆ ಬೋರಲು ಇಡಿ. ಎಲೆಯನ್ನೇ ಒಣಗಿಸಿ ಅಂಟಿಸಿದರೆ ಹಸಿರು ಹೋಗಿ ಕಂದಾಗುತ್ತದೆ, ಪುಡಿಯೂ ಆಗುತ್ತದೆ. ಹೂವು ಒಣಗಿಸುವುದಾದರೆ ಗುಲಾಬಿ, ಸೇವಂತಿಗೆಯನ್ನು ಇಡಿಯಾಗಿ ಒತ್ತಬೇಡಿ, ಒಳಗೆ ಬೂಷ್ಟು ಬರುತ್ತದೆ. ಎಸಳು ಬಿಡಿಸಿ ಜೆರಾಕ್ಸ್ ಹಾಳೆಗಳ ನಡುವೆ ಇಟ್ಟು ಭಾರ ಹೇರಿ, ಮೊದಲ ಮೂರು ದಿನ ಹಾಳೆ ಬದಲಿಸಿ. ಹತ್ತು ದಿನಕ್ಕೆ ಸಿದ್ಧ.

ಸೀರೆ ತುಂಡಿಗೆ ನೇರವಾಗಿ ಅಂಟು ಹಚ್ಚಿದರೆ ಅಂಟು ರೇಷ್ಮೆಯಿಂದ ಹೊರಗೆ ಇಣುಕಿ ಕಲೆ ಬೀಳುತ್ತದೆ. ಆ ತುಂಡಿನ ಗತಿ ಅಲ್ಲಿಗೆ ಮುಗಿಯಿತು. ಅಂಚನ್ನು ಒಳಕ್ಕೆ ಮಡಿಸಿ, ಒಂದು ಗಟ್ಟಿ ಕಾಗದಕ್ಕೆ ಸುತ್ತಲೂ ಸೂಜಿ ದಾರದಲ್ಲಿ ಸಡಿಲವಾಗಿ ಹೊಲಿದುಬಿಡಿ, ಆಮೇಲೆ ಆ ಕಾಗದವನ್ನು ಪುಟಕ್ಕೆ ಅಂಟಿಸಿ. ಅಮ್ಮನಿಗೆ ಯಾವಾಗಲಾದರೂ ವಾಪಸ್ ಬೇಕೆನಿಸಿದರೆ ನಾಲ್ಕು ಎಳೆ ಕತ್ತರಿಸಿದರೆ ಸಾಕು. ಜರಿ ಹತ್ತಿರ ರಬ್ಬರ್ ಬ್ಯಾಂಡ್ ಇಡಬೇಡಿ, ಬೆಳ್ಳಿ ಜರಿ ಆದರೆ ಕಪ್ಪಾಗುತ್ತದೆ.

ಒಂದು ಪುಟದಲ್ಲಿ ಪಾಪ್‌ಅಪ್ ಇರಲಿ, ಒಂದೇ ಸಾಕು. ಪುಸ್ತಕ ತೆರೆದ ಕೂಡಲೇ ಎದ್ದು ನಿಲ್ಲುವ ಒಂದು ಪುಟ್ಟ ಡಬ್ಬಿ, ಅದರ ಮುಂದೆ ಚರಕದ ಚಿತ್ರವೋ ಅಪ್ಪನ ಹಳೇ ಫೋಟೋದ ನಕಲೋ ಕತ್ತರಿಸಿ ಅಂಟಿಸಿ. ಡಬ್ಬಿಯ ಎತ್ತರ, ಆಳ ಎರಡನ್ನೂ ಕೂಡಿದರೆ ಪುಟದ ಅಗಲಕ್ಕಿಂತ ಕಮ್ಮಿ ಇರಬೇಕು, ಇಲ್ಲದಿದ್ದರೆ ಮುಚ್ಚಿದಾಗ ಮೂಗು ಹೊರಗೆ ಬರುತ್ತದೆ. ಮೂರು ಇಂಚು ಎತ್ತರ, ಎರಡು ಇಂಚು ಆಳ ಅಂದರೆ ಐದು, ಎಂಟರೊಳಗೆ ಆರಾಮ. ಫೋಟೋ ಡಬ್ಬಿಯ ಅಂಚಿನಿಂದಾಚೆ ಚಾಚಿದ್ದರೆ ಆ ಅಳತೆಯನ್ನೂ ಸೇರಿಸಿಕೊಳ್ಳಿ. ಮಡಿಸುವ ಮೊದಲು ಗೆರೆ ಒತ್ತಿಕೊಳ್ಳಬೇಕು. ಅದಕ್ಕೆ ಮೂಳೆಯ ಫೋಲ್ಡರ್ ಅಂತ ಮಾರುತ್ತಾರೆ. ನನ್ನದು ರೀಫಿಲ್ ಮುಗಿದ ಬಾಲ್ ಪೆನ್ ಮತ್ತು ಸ್ಟೀಲ್ ಸ್ಕೇಲ್.

ಕೊನೆಗೆ ಗೂಡು. ಇದನ್ನು ಬಿಡಬೇಡಿ, ನಿಮ್ಮ ಪುಸ್ತಕದ ಜೀವವೇ ಅದು. ಆದರೆ ಹುಷಾರು. ಹಿಂದೊಮ್ಮೆ ಒಬ್ಬರು ಮದುವೆ ಆಲ್ಬಮ್‌ನ ಹೊರ ರಟ್ಟಿಗೆ ಇಡೀ ಹಳದಿ ಗೂಡುಗಳನ್ನು ಸಾಲಾಗಿ ಅಂಟಿಸಿಸಿಕೊಂಡು ಹೋದರು. ನಾನೇ ಅಂಟಿಸಿದ್ದು, ಒಳಗೆ ಹುಳ ಇದೆ ಅಂತ ತಲೆಗೆ ಹೋಗಲಿಲ್ಲ. ಬೇಸಿಗೆ ಕಳೆಯುವಷ್ಟರಲ್ಲಿ ವಾಸನೆ, ಅದರ ಹಿಂದೆ ಸಣ್ಣ ಸಣ್ಣ ಕರಿ ಹುಳಗಳು, ಅವು ಗೂಡನ್ನೂ ತಿಂದವು, ರಟ್ಟಿನ ಮೇಲಿನ ಬಟ್ಟೆಯನ್ನೂ ತಿಂದವು. ಹಾಗಾಗಿ ಖಾಲಿ ಗೂಡೇ ಬೇಕು. ಬಿತ್ತನೆ ಮೊಟ್ಟೆ ಮಾಡುವ ಕಡೆ ಚಿಟ್ಟೆ ಹೊರಗೆ ಬಂದ ತೂತು ಗೂಡು ಸಿಗುತ್ತದೆ. ಕತ್ತರಿಸಿ ಹುಳ ತೆಗೆದ ಗೂಡೂ ಆಗುತ್ತದೆ. ಒಳಗೆ ಉಳಿದ ಪೊರೆಯನ್ನು ಅಲ್ಲಾಡಿಸಿ ಉದುರಿಸಿ, ಬಿಸಿಲಲ್ಲಿ ಎರಡು ದಿನ ಒಣಗಿಸಿ.

ಇಡೀ ಗೂಡು ಪುಟದ ಮೇಲೆ ಕೂರುವುದಿಲ್ಲ, ಉದ್ದಕ್ಕೆ ಸೀಳಿದರೂ ಒಂದು ಸೆಂಟಿಮೀಟರ್ ಹತ್ತಿರ ಎದ್ದಿರುತ್ತದೆ. ಒಂದು ತುದಿಯಿಂದ ಚೂಪು ಕತ್ತರಿಯಲ್ಲಿ ಎಸಳೆಸಳಾಗಿ ಸೀಳಿ ಹೂವು ಮಾಡಬಹುದು, ಎಲ್ಲರೂ ಅದನ್ನೇ ಮಾಡುತ್ತಾರೆ, ಹಾರಕ್ಕೆ ಸರಿ. ಪುಸ್ತಕಕ್ಕೆ ನನ್ನ ಉಪಾಯ ಬೇರೆ. ಬಿಸಿನೀರಿನ ಹಬೆಗೆ ಸ್ವಲ್ಪ ಹೊತ್ತು ಹಿಡಿದು ಮೆತ್ತಗಾದ ಮೇಲೆ ಗೂಡಿನ ಗೋಡೆಯನ್ನು ಪದರ ಪದರವಾಗಿ ಬಿಡಿಸಿ. ರೇಷ್ಮೆಯಲ್ಲೇ ಇರುವ ಗೋಂದು ಮೆತ್ತಗಾಗಿ ಬಿಟ್ಟುಕೊಡುತ್ತದೆ. ಆ ತೆಳು ಪದರವನ್ನು ಬಟರ್ ಪೇಪರ್ ನಡುವೆ ಇಟ್ಟು ಕಮ್ಮಿ ಶಾಖದಲ್ಲಿ ಇಸ್ತ್ರಿ ಒತ್ತಿದರೆ ಬೆಳಕು ತೂರುವ ಹಾಳೆಯೇ ಆಗುತ್ತದೆ. ಅಪ್ಪನ ಚರಕದ ಫೋಟೋ ಮೇಲೆ ಪರದೆಯ ಹಾಗೆ ಒಂದು ಅಂಚಿನಲ್ಲಿ ಮಾತ್ರ ಅಂಟಿಸಿ, ಎತ್ತಿದರೆ ಫೋಟೋ ಕಾಣಲಿ. ಒಂದೇ ಒಂದು ಇಡೀ ಗೂಡು ಬೇಕೇ ಬೇಕು ಅಂದರೆ ಹೊರ ರಟ್ಟಿನಲ್ಲಿ ಕಿಟಕಿ ಕೊರೆದು, ಸೀಳಿದ ಅರ್ಧ ಗೂಡನ್ನು ತಗ್ಗಿನಲ್ಲಿ ಕೂರಿಸಿ. 3 ಮಿಲಿಮೀಟರ್ ಬೋರ್ಡ್ ಮೂರು ಪದರ ಅಂಟಿಸಿದರೆ ಸಾಕಷ್ಟು ಆಳ ಸಿಗುತ್ತದೆ. ಅದನ್ನು ಕೊರೆಯುವುದು ನಿಮಗೆ ಕಷ್ಟವಾದರೆ ಬೋರ್ಡ್ ತಂದು ಕೊಡಿ, ನಾನು ಕೊರೆದು ಕೊಡುತ್ತೇನೆ.

ಅಂದಹಾಗೆ ತೂತು ಗೂಡನ್ನು ಅಪ್ಪನ ಕೈಲಿ ಮಾತ್ರ ತರಿಸಬೇಡಿ. ಎಳೆ ಕಡಿದುಹೋದ ಆ ಗೂಡಿನಿಂದ ನೂಲು ತೆಗೆಯಲು ಬರುವುದಿಲ್ಲ. ರೀಲರ್ ಮನೆ ಮಗಳು ಬಂದು "ಅಪ್ಪಾ, ನಾಲ್ಕು ತೂತು ಗೂಡು ಬೇಕು" ಅಂದರೆ ಏನೋ ನಡೀತಿದೆ ಅಂತ ಅವರಿಗೆ ಅವತ್ತೇ ಗೊತ್ತಾಗಿಬಿಡುತ್ತದೆ.